ಅಮ್ಮ ಹೇಳಿದ ಅಭಿಪ್ರಾಯ

ಶಿರಾ ಗೇಟ್‌ನಲ್ಲಿ ಇಂದು ತರಕಾರಿ ಗಾಡಿಯ ಅವರೇಕಾಯಿಯ ಸೊಗಡು ಮೂಗಿಗೆ ಬಡಿದಾಗ ಗುಬ್ಬಿಯ ನಮ್ಮ ನಡುಮನೆ ನೆನಪಾಯಿತು. ನಾವೆಲ್ಲ ಕಾಳು ಬಿಡಿಸುತ್ತಿದ್ದರೆ ಅಪ್ಪ ಅನುವಾದಿತ ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಅಧ್ಯಾಯ ಮುಗಿದೊಡನೆ ಎಲ್ಲರೂ ಒಂದೊಂದು ಮಾತು ಹೇಳಲೇಬೇಕಿತ್ತು. ಅಮ್ಮ ಮಾತ್ರ ನಕ್ಕು ಸುಮ್ಮನಾಗುತ್ತಿದ್ದಳು.

ಒಂದು ಬಂಗಾಳಿ ಕಾದಂಬರಿಯಲ್ಲಿ ಹೆಂಡತಿ ಗಂಡನ ಮನೆಗೆ ಮರಳಲು ಒಪ್ಪಲಿಲ್ಲ.

"ಕೊಬ್ಬು ಕಣೋ ಅವ್ಳಿಗೆ," ಅಂದಳು ಅಜ್ಜಿ.

"ಹೋಗ್ದೆ ಇದ್ದಿದ್ದೇ ಒಳ್ಳೇದಾಯ್ತು ಬುಡಿ ಅತ್ತೆ," ಅಂದಳು ಅಮ್ಮ, ಮೊದಲ ಸಲ.

ಅಪ್ಪ ಕನ್ನಡಕ ತೆಗೆದರು. "ನಿಂಗಿಲ್ಲಿ ಏನ್ ಕಮ್ಮಿ ಆಗೈತೆ?"

ಪುಸ್ತಕ ಮುಚ್ಚಿದರು. ಮತ್ತೆಂದೂ ನಮಗೆ ಓದಿ ಹೇಳಲಿಲ್ಲ.

ಅಪ್ಪ ಈಗಿಲ್ಲ. ಈ ಸಂಜೆ ಆ ಕಾದಂಬರಿಯನ್ನು ನಾನೇ ಅಮ್ಮನಿಗೆ ಓದಿದೆ. ಅದೇ ಅಧ್ಯಾಯ ಮುಗಿಸಿ, "ನಿಂಗೇನನ್ಸುತ್ತಮ್ಮ?" ಎಂದೆ.

"ಅವ್ಳು ವಾಪಸ್ ಹೋಗ್ಬೇಕಿತ್ತು ಕಣೇ," ಎಂದಳು. "ಅವತ್ತೇ ಹಂಗಂದಿದ್ರೆ ನಿಮ್ಮಪ್ಪ ಓದೋದು ಬುಡ್ತಿರ್ಲಿಲ್ಲ. ಓದಿದ್ದು ಸಾಕು."