ಟೇಪಿನ ಡಾಬು

ಸ್ನೇಹಿತರೇ, ಇವತ್ತು ಮಗಳ ಶಾಲೆಯಲ್ಲಿ ನಡೆದದ್ದನ್ನು ಓದಿ ಯಾರಾದರೂ ನನಗೊಂದು ದಾರಿ ಹೇಳಿ. ಡ್ಯಾನ್ಸಿಗೆ ಸೊಂಟಕ್ಕೆ ಡಾಬು ಬೇಕು ಎಂದಿದ್ದಳು. ಬೆಳ್ಳಿಯದು ನಮ್ಮಲ್ಲಿ ಎಲ್ಲಿಂದ ಬರಬೇಕು? ಯಜಮಾನರು ಚಿತ್ತವಾಡ್ಗಿಯಲ್ಲಿ ನಲ್ಲಿ ರಿಪೇರಿ ಮಾಡುವವರು. ಅವರು ಪೈಪಿಗೆ ಸುತ್ತುವ ಬೆಳ್ಳಿ ಬಣ್ಣದ ದಪ್ಪ ಟೇಪನ್ನೇ ರಟ್ಟಿಗೆ ಸುತ್ತಿ, ಪೆನ್ನಿನಿಂದ ಒತ್ತಿ ಬಳ್ಳಿ ಮೂಡಿಸಿ ಕೊಟ್ಟೆ. ಡ್ಯಾನ್ಸ್ ಮುಗಿದ ಮೇಲೆ ಮೇಡಂ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ನನ್ನನ್ನು ಕರೆಸಿದರು.

“ಅಲ್ರೀ, ಬೆಳ್ಳಿ ಡಾಬು ಹಾಕಿ ಸಾಲಿಗೆ ಕಳಿಸ್ತಾರೇನ್ರಿ? ಕಳದ್ರ ಯಾರು ಹೊಣಿ?”

ನಿಜ ಹೇಳಲು ಬಾಯಿ ತೆರೆದೆ. ಮಗಳು ಸೆರಗು ಜಗ್ಗಿದಳು. ಪಕ್ಕದಲ್ಲೇ ಗೆಳತಿಯರು ನಿಂತಿದ್ದರು. ಬೆಳ್ಳಿಯದೇ ಎಂದು ಅವರಿಗೆಲ್ಲ ಹೇಳಿಕೊಂಡಿದ್ದಳಂತೆ.

“ಭಾಳ ಹಗುರ ಐತಿ. ಯಾವ ಅಂಗಡ್ಯಾಗ ಮಾಡ್ಸಿದ್ರಿ?”

“ಮನ್ಯಾಗ ಮಾಡಿದ್ದು ಮೇಡಂ.”

ಅಷ್ಟು ಹೇಳಿದರೆ ತಿಳಿಯುತ್ತದೆ ಎಂದುಕೊಂಡೆ.

“ಓ, ನಿಮ್ಮ ಮನಿಯವ್ರು ಅಕ್ಕಸಾಲಿಗರೇನು? ನಮ್ಮ ಹುಡುಗಿಗೂ ಇಂಥಾದ್ದ ಒಂದು ಮಾಡಿಕೊಡ್ರಿ. ಬೆಳ್ಳಿ ನಾಳೆ ನಾನ ತಂದುಕೊಡ್ತೀನಿ.”

ನನ್ನ ತಲೆ ತಾನಾಗಿಯೇ ಹೂಂ ಎಂದು ಅಲ್ಲಾಡಿತು. ಗೇಟಿನ ಹೊರಗೆ ಬಂದ ಮೇಲೆ ಮಗಳು, “ಯವ್ವಾ, ಹೂಂ ಯಾಕಂದಿ?” ಎಂದಳು.

ನಾಳೆ ಹೋಗಿ ನಿಜ ಹೇಳಬೇಕೋ, ಯಜಮಾನರಿಗೆ ಅಕ್ಕಸಾಲಿ ಕೆಲಸ ಕಲಿಸಬೇಕೋ ತಿಳಿಯದೆ ಆಗಿನಿಂದ ಕುಳಿತಿದ್ದೇನೆ. ಯೋಚಿಸಿದಷ್ಟೂ ಎರಡನೆಯದೇ ಸುಲಭ ಅನಿಸುತ್ತಿದೆ.