ಮೊದಲು ನೀರು

ನಮ್ಮ ಮನೆಯ ಪಡಸಾಲೆಯ ಗೂಡಿನಲ್ಲಿ ಒಂದು ಹಿತ್ತಾಳೆ ತಂಬಿಗೆ ಇದೆ. ಮನೆಯವರು ಯಾರೂ ಅದರಿಂದ ನೀರು ಕುಡಿಯುವುದಿಲ್ಲ, ಏಕೆಂದರೆ ಅದು ಪಂಪುಗಳಿಗೆ ನೀರು ಕುಡಿಸುವ ತಂಬಿಗೆ. ಗೋಕಾಕದ ತರಬೇತಿ ಶಾಲೆಯೊಂದರಲ್ಲಿ ಇಂಜಿನ್ ಪಾಠ ಹೇಳುತ್ತಿದ್ದ ಕಾಲದಲ್ಲೂ, ನಿವೃತ್ತನಾಗಿ ಕುಲಗೋಡಕ್ಕೆ ಮರಳಿದ ಮೇಲೂ, ಸುತ್ತಲಿನ ಕಬ್ಬಿನ ಹೊಲಗಳಲ್ಲಿ ಮುನಿಸಿಕೊಂಡು ಕುಳಿತ ಪಂಪ್‌ಸೆಟ್ಟುಗಳನ್ನು ನಾನು ಎಬ್ಬಿಸಿದ್ದು ಅದರಿಂದಲೇ. ಪಂಪಿನ ಬಾಯಿಗೆ ತುಂಬ ನೀರು ಹೊಯ್ಯಬೇಕು, ತಳದ ವಾಲ್ವು ಸೋರುತ್ತಿದ್ದರೆ ಒಂದಿಷ್ಟು ಸೆಗಣಿ ಕಲಸಿ ಹೊಯ್ಯಬೇಕು, ಒಳಗಿನ ಗಾಳಿಯೆಲ್ಲ ಗುಳುಗುಳು ಎಂದು ಹೊರಬಿದ್ದ ಮೇಲೆ ಇಂಜಿನ್ನಿಗೆ ಕೈ ಹಚ್ಚಬೇಕು. ಮೊದಲು ನೀರು, ಆಮೇಲೆ ಇಂಜಿನ್. ಈ ಪಾಠವನ್ನು ನಾನು ಎಷ್ಟು ಮಂದಿಗೆ ಹೇಳಿದ್ದೇನೋ, ನನ್ನ ಹೆಂಡತಿಗೂ ಬಾಯಿಪಾಠವಾಗಿದೆ.

ನೀವೇ ನೋಡಿ, ನಮ್ಮ ಸೀಮೆಯ ಬದುಕಿನ ಕ್ರಮವೇ ಹಾಗಲ್ಲವೇ? ಮನೆಗೆ ಬಂದವರಿಗೆ ಮೊದಲು ಒಂದು ಚರಿಗೆ ನೀರು ಕೊಟ್ಟು, ಆಮೇಲೆ ಬಂದ ಕಾರಣ ಕೇಳುತ್ತೇವೆ. ನೀರು ಕೊಡದೆ ಮಾತು ತೆಗೆದವನ ಮನೆಗೆ ಹೆಣ್ಣು ಕೊಡಲೂ ಹಿಂದೆಮುಂದೆ ನೋಡುವ ಜನ ನಾವು. ಎತ್ತಿಗೆ ನೀರು ತೋರಿಸದೆ ನೊಗ ಹೂಡುವುದಿಲ್ಲ. ಹೀಗೆ ನೀರಿನಿಂದಲೇ ಶುರುವಾಗುವ ಲೋಕದಲ್ಲಿ ಅರವತ್ತೆರಡು ವರ್ಷ ಕಳೆದ ಮನುಷ್ಯನಿಗೆ, ಮೊದಲು ನೀರು ಕೊಟ್ಟರೆ ಉಸಿರು ಕಟ್ಟಿಕೊಳ್ಳುವ ಯಂತ್ರವೊಂದು ಇರಬಹುದು ಎಂಬ ಅನುಮಾನವಾದರೂ ಎಲ್ಲಿಂದ ಬರಬೇಕು? ನನ್ನ ಪರವಾಗಿ ನಾನು ಹೇಳಿಕೊಳ್ಳಬಹುದಾದದ್ದು ಇಷ್ಟೇ.

ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ದಂಡೆಯಲ್ಲಿ ಮಾರುತಿ ಎಂಬ ನನ್ನ ಹಳೆಯ ಗೆಳೆಯನಿದ್ದಾನೆ. ಮೀನು ಹಿಡಿಯುವುದು ಅವನ ಕಸುಬು. ನೀರಿಗೆ ಬಿದ್ದವರನ್ನು ಎತ್ತುವುದು ಯಾರೂ ನೇಮಿಸದೆ ಅವನ ಹೆಗಲಿಗೆ ಬಂದ ಕೆಲಸ. ಹಿನ್ನೀರಿನ ಸುತ್ತ ಎಲ್ಲಿ ತೆಪ್ಪ ಮಗುಚಿದರೂ ಮೊದಲು ಅವನ ಫೋನು ಬಡಿದುಕೊಳ್ಳುತ್ತದೆ. ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬೊಂದನ್ನು ಸೊಂಟಕ್ಕೆ ಕಟ್ಟಿಕೊಂಡು ಈಜುತ್ತ ಹೋಗಿ, ಎಷ್ಟೋ ಜನರನ್ನು ಜೀವಂತ ತಂದಿದ್ದಾನೆ. ಆದರೆ ಅವನಿಗೂ ಈಗ ಅರವತ್ತು ಹತ್ತಿರ. ಹೋದ ವರ್ಷ ಒಬ್ಬ ಮುಳುಗುತ್ತಿದ್ದವನ ಕೈ ಕಾಣುತ್ತಿದ್ದಂತೆಯೇ ಅದು ಕಾಣದಾಯಿತಂತೆ. "ಇಪ್ಪತ್ತ ಮಾರು ಉಳದಿತ್ತರಿ ಮಾಸ್ತರ, ಬರೇ ಇಪ್ಪತ್ತ ಮಾರು," ಎಂದು ಅವನು ಆಮೇಲೆ ಎಷ್ಟು ಸಲ ನನಗೆ ಹೇಳಿದ್ದಾನೋ ಲೆಕ್ಕವಿಲ್ಲ. ಆ ಇಪ್ಪತ್ತು ಮಾರಿನ ಸಲುವಾಗಿಯೇ ದಂಡೆಯ ಹಳ್ಳಿಗಳವರು ಕೂಡಿಕೊಂಡು ಮಲ್ಪೆ ಕಡೆಯಿಂದ ಒಂದು ಹಳೆಯ ನೀರಿನ ಸ್ಕೂಟರನ್ನು ಅವನಿಗೆ ಕೊಡಿಸಿದರು. ಸಮುದ್ರದ ಮೇಲೆ ಪ್ರವಾಸಿಗಳನ್ನು ಕೂಡಿಸಿಕೊಂಡು ಹಾರುತ್ತಿದ್ದ, ಟೂ ಸ್ಟ್ರೋಕ್ ಇಂಜಿನ್ನಿನ, ಬಿಸಿಲಿಗೆ ಹಳದಿ ಬಣ್ಣ ಬಿಳುಚಿದ ಯಂತ್ರ ಅದು.

ಬಂದದ್ದೇನೋ ಬಂತು, ಆದರೆ ಓಡಲಿಲ್ಲ. ಹೊತ್ತಿಕೊಳ್ಳುತ್ತದೆ, ಆಕ್ಸಿಲರೇಟರ್ ಒತ್ತಿದರೆ ಕೆಮ್ಮಿ ಸಾಯುತ್ತದೆ ಎಂದು ಮಾರುತಿ ಫೋನು ಮಾಡಿದಾಗ, ನಾನು ನೀರಿನ ಸ್ಕೂಟರನ್ನು ಕಣ್ಣಿನಿಂದಲೂ ಕಂಡವನಲ್ಲ. ಆದರೂ ಮರುದಿನ ಬೆಳಿಗ್ಗೆ ಹತಾರಗಳ ಚೀಲ ಹೆಗಲಿಗೇರಿಸಿ ಗೋಕಾಕದ ಬಸ್ಸು ಹತ್ತಿದೆ, ಅಲ್ಲಿ ಬಸ್ಸು ಬದಲಿಸಿ ಘಟಪ್ರಭಾದಲ್ಲಿ ಇಳಿದು ಎರಡು ಮೊಳ ಪೆಟ್ರೋಲ್ ಪೈಪು ಕೊಂಡೆ, ಹತ್ತೂವರೆಗೆ ಹಿಡಕಲ್ಲಿನಲ್ಲಿ ಮಾರುತಿಯ ಮನೆಯಂಗಳದಲ್ಲಿದ್ದೆ. ಇಂಜಿನ್ನಿಗೆ ಬೇಕಾದದ್ದು ಮೂರೇ: ಕಿಡಿ, ಪೆಟ್ರೋಲು, ಒತ್ತಡ. ಅದು ಔಷಧಿ ಹೊಡೆಯುವ ಪಂಪಾದರೇನು, ನೀರಿನ ಮೇಲೆ ಹಾರುವ ಸ್ಕೂಟರಾದರೇನು! ಎರಡೂ ಪ್ಲಗ್ಗು ಬಿಚ್ಚಿದೆ, ಕಿಡಿ ನೀಲಿಯಾಗಿತ್ತು. ರಂಧ್ರಕ್ಕೆ ಹೆಬ್ಬೆರಳು ಒತ್ತಿ ಇಂಜಿನ್ ತಿರುಗಿಸಿದೆ, ಒತ್ತಡ ಬೆರಳನ್ನು ಚಿಮ್ಮಿತು. ಉಳಿದದ್ದು ಪೆಟ್ರೋಲಿನ ದಾರಿ. ಮಳೆಗಾಲವಿಡೀ ಟಾಕಿಯಲ್ಲಿ ನಿಂತ ಪೆಟ್ರೋಲು ಹಳಸಿ, ಪೈಪಿನ ಒಳಮೈ ಕರಗಿ, ಕಾರ್ಬುರೇಟರಿನ ಕಣ್ಣುಗಳಲ್ಲಿ ಹಸಿರು ಅಂಟಾಗಿ ಕೂತಿತ್ತು. ಎಲ್ಲ ತೊಳೆದು, ಊದಿ, ಹೊಸ ಪೈಪು ಹಾಕಿ, ತಾಜಾ ಪೆಟ್ರೋಲಿಗೆ ಎಣ್ಣೆ ಕಲಸಿ ಗುಂಡಿ ಒತ್ತಿದೆ. ಅಂಗಳ ಅದುರುವಂತೆ ಗರ್ಜಿಸಿತು! ನೆರೆದ ಹದಿನೈದಿಪ್ಪತ್ತು ಜನ ಹೋ ಎಂದರು. ಕೆಲವೇ ಕ್ಷಣ ಬಿಟ್ಟು ನಿಲ್ಲಿಸಿದೆ. ನನ್ನ ಎದೆ ಆಗ ಎಷ್ಟು ಉಬ್ಬಿತ್ತೆಂದು ನಿಮ್ಮ ಮುಂದೆ ಮುಚ್ಚಿಡಲಾರೆ.

ಇನ್ನು ಅದನ್ನು ಸ್ವಲ್ಪ ಹೊತ್ತು ಓಡಿಸಿ ಹದ ಮಾಡಬೇಕಿತ್ತು. ಈ ಇಂಜಿನ್ನು ಜಲಾಶಯದಲ್ಲಿದ್ದಾಗ ಅಲ್ಲಿನ ನೀರನ್ನೇ ಮೈಯೊಳಗೆ ಹರಿಸಿಕೊಂಡು ತಂಪಾಗುತ್ತದೆ, ಆ ನೀರು ಹೊಗೆಯ ಕೊಳವೆಯಿಂದಲೇ ಹೊರಹೋಗುತ್ತದೆ. ದಂಡೆಯ ಮೇಲೆ ಓಡಿಸುವಾಗ ನಲ್ಲಿಯ ಪೈಪು ಜೋಡಿಸಬೇಕು. ನಾನು ಪೈಪು ಹಿಡಿದಾಗ ಮಾರುತಿ ತಲೆ ಕೆರೆದುಕೊಳ್ಳುತ್ತ, "ಮಾರಿದವ್ರು ನೀರಿಂದು ಏನೋ ಹೇಳಿದ್ರರಿ, ಹಿಂದ-ಮುಂದ ಮಾಡಬ್ಯಾಡ್ರಿ ಅಂತ..." ಎಂದ.

"ನೀರಿಂದು ನನಗ ಕಲಸ್ತಿ ಏನೋ?" ಎಂದೆ. ಜನ ನಕ್ಕರು. ನಲ್ಲಿ ತಿರುಗಿಸಿ, ಚೆನ್ನಾಗಿ ತುಂಬಿಕೊಳ್ಳಲಿ ಎಂದು ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬಿಟ್ಟು, ಗುಂಡಿ ಒತ್ತಿದೆ. ಟಕ್ ಎಂದಿತು. ಇನ್ನೊಮ್ಮೆ ಒತ್ತಿದೆ. ಟಕ್. ಒಳಗೆ ಯಾರೋ ಗಟ್ಟಿಯಾಗಿ ಹಿಡಿದುಕೊಂಡಂತೆ ಇಂಜಿನ್ನು ಕದಲಲೇ ಇಲ್ಲ. ಪ್ಲಗ್ಗು ಬಿಚ್ಚಿ ಮತ್ತೆ ಒತ್ತಿದರೆ ಎರಡೂ ರಂಧ್ರಗಳಿಂದ ನೀರು ಚಿಮ್ಮಿ ನನ್ನ ಕನ್ನಡಕಕ್ಕೇ ಬಡಿಯಿತು.

ಇಪ್ಪತ್ತು ಜನರ ಮುಂದೆ ಕನ್ನಡಕ ಒರೆಸಿಕೊಳ್ಳುವ ಮನುಷ್ಯನಿಗೆ ಕಾರಣ ಬೇಗ ಹೊಳೆಯುತ್ತದೆ. "ಗ್ಯಾಸ್ಕೆಟ್ ಹೋಗೈತಿ. ಒಳಗ ನೀರ ಸೋರಾಕತ್ತೈತಿ. ಮಾರಿದಾವ ಮೋಸ ಮಾಡ್ಯಾನ," ಎಂದು ತೀರ್ಪು ಕೊಟ್ಟೆ. ಮಾರುತಿಯ ಹೆಂಡತಿ ಗಂಗವ್ವ ಮಾರಿದವನ ವಂಶವನ್ನೆಲ್ಲ ಜಾಲಾಡಿಸಿದಳು. ಮಾರುತಿ ಮಲ್ಪೆಗೆ ಫೋನು ಹಚ್ಚಿ, ಯಂತ್ರದ ಮಾತು ನೀವೇ ಆಡಿ ಎಂದು ನನ್ನ ಕೈಗೆ ಕೊಟ್ಟ.

ಆಚೆಗಿದ್ದದ್ದು ವಯಸ್ಸಾದ ದನಿ. ನನ್ನ ದಬಾವಣೆಯನ್ನೆಲ್ಲ ಪೂರ್ತಿ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು: "ಮೊದಲು ಎಂತ ಮಾಡಿದ್ದು ಮಾರಾಯ್ರೆ? ನೀರು ಬಿಟ್ಟದ್ದಾ, ಇಂಜಿನ್ ಸ್ಟಾರ್ಟ್ ಮಾಡಿದ್ದಾ?"

ಆ ಪ್ರಶ್ನೆ ಮುಗಿಯುವುದರೊಳಗೆ ನನಗೆ ಎಲ್ಲ ತಿಳಿದುಹೋಯಿತು. ಹೊಗೆಯ ಕೊಳವೆಯಲ್ಲಿ ನೀರನ್ನು ಹೊರಗೆ ದೂಡುವುದು ಇಂಜಿನ್ನಿನ ಹೊಗೆಯೇ. ಇಂಜಿನ್ನು ಸುಮ್ಮನಿದ್ದರೆ ನೀರಿಗೆ ಹೊರದಾರಿಯಿಲ್ಲ, ಅದು ಹಿಮ್ಮರಳಿ ಒಳಕ್ಕೇ ತುಂಬಿಕೊಳ್ಳುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಇಷ್ಟು ಹೇಳದವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಆದರೆ ಇಪ್ಪತ್ತು ಜೋಡಿ ಕಣ್ಣು ನನ್ನ ಮುಖದ ಮೇಲಿದ್ದವು, ಪ್ರಶ್ನೆ ಕೇಳಿಸಿದ್ದು ನನ್ನೊಬ್ಬನ ಕಿವಿಗೆ. "ಇಂಜಿನ್ನಽ ಮೊದಲ," ಎಂದುಬಿಟ್ಟೆ.

"ಹಾಗಾದ್ರೆ ತಪ್ಪು ನಂದೇ," ಎಂದರು ಅವರು, ಒಂದು ಕೊಂಕಿಲ್ಲದೆ. "ವಾಪಸು ಕಳ್ಸಿ. ನಾನು ಇಟ್ಕೊಳ್ತೇನೆ."

ವಾಪಸು ತೆಗೆದುಕೊಳ್ಳುತ್ತಾರಂತೆ ಎಂದು ಎಲ್ಲರಿಗೂ ಹೇಳಿದೆ, ನಾಳೆ ಟೆಂಪೊ ತರಿಸುವ ಮಾತು ಶುರುವಾಯಿತು. ಗಂಗವ್ವ ನನಗೆ ಚಹಾ ತಂದುಕೊಟ್ಟಳು. ಕುಡಿಯುತ್ತ ನಾನು ಲೆಕ್ಕ ಹಾಕುತ್ತಿದ್ದದ್ದು ನನ್ನ ಮಾನದ್ದಲ್ಲ, ಇಂಜಿನ್ನಿನದು ಎಂದು ಹೇಳಿದರೆ ನೀವು ನಂಬಬೇಡಿ, ಎರಡೂ ಇದ್ದವು. ಟೂ ಸ್ಟ್ರೋಕ್ ಇಂಜಿನ್ನಿನ ಹೊಟ್ಟೆಯಲ್ಲಿ ನೀರು ಒಂದು ರಾತ್ರಿ ನಿಂತರೆ ಬೇರಿಂಗುಗಳಿಗೆ ತುಕ್ಕು ಹಿಡಿಯುತ್ತದೆ, ಆಮೇಲೆ ಅದು ಗುಜರಿ. ಈಗಲೇ ಬಾಯಿ ಬಿಟ್ಟರೆ ಯಂತ್ರ ಉಳಿಯುತ್ತದೆ, ಸುಮ್ಮನಿದ್ದರೆ ನಾನು ಉಳಿಯುತ್ತೇನೆ. ನಲವತ್ತು ವರ್ಷ ಕೂಡಿಟ್ಟ ಹೆಸರು ಎಂಬುದು ಎಷ್ಟು ಭಾರವಾದ ವಸ್ತು, ಅದನ್ನು ಇಳಿಸಲು ಎಷ್ಟು ಕಷ್ಟ ಎಂದು ಆ ಅರ್ಧ ಕಪ್ ಚಹಾದಲ್ಲಿ ತಿಳಿಯಿತು. ಕೈಗೆ ರೂಢಿಯಾದದ್ದನ್ನು ನಾವು ಜ್ಞಾನವೆಂದು ಕರೆಯುತ್ತೇವೆ. ಕೈ ತಪ್ಪಿದಾಗ ಮಾತ್ರ ಅದು ಬರೀ ರೂಢಿಯಾಗಿತ್ತು ಎಂದು ಗೊತ್ತಾಗುತ್ತದೆ, ಹಾಗೆ ಗೊತ್ತಾದದ್ದನ್ನು ಒಪ್ಪಿಕೊಳ್ಳಲು ಮತ್ತೊಂದು ಬೇರೆಯೇ ವಿದ್ಯೆ ಬೇಕು. ಆ ವಿದ್ಯೆಯನ್ನು ನಾನು ಯಾವ ತರಗತಿಯಲ್ಲೂ ಕಲಿಸಿರಲಿಲ್ಲ.

ಅಷ್ಟರಲ್ಲಿ ಪುಸ್ ಪುಸ್ ಎಂಬ ಸದ್ದು ಕೇಳಿ ತಲೆ ಎತ್ತಿದೆ. ಮಾರುತಿ ಗೋಡೆಗೆ ಆನಿಸಿದ್ದ ಹಳೆಯ ಟ್ಯೂಬನ್ನು ಕೆಳಗಿಳಿಸಿ, ಸೈಕಲ್ ಪಂಪಿನಿಂದ ಗಾಳಿ ತುಂಬುತ್ತಿದ್ದ. ಬೇಸರವಿಲ್ಲ, ಬೈಗುಳವಿಲ್ಲ; ನಾಳೆ ಯಾರಾದರೂ ಕರೆದರೆ ಬೇಕಲ್ಲ ಎಂದು ತುಂಬುತ್ತಿದ್ದ, ಅಷ್ಟೇ. ಉಳಿದರ್ಧ ಚಹಾ ಕೆಳಗಿಟ್ಟೆ.

"ಮಾರುತಿ, ಗ್ಯಾಸ್ಕೆಟ್ ಅಲ್ಲಪಾ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಇಂಜಿನ್ ಮೊದಲ ಚಾಲೂ ಮಾಡಿ ಆಮ್ಯಾಲ ನೀರ ಬಿಡಬೇಕಿತ್ತು. ನಾನು ಉಲ್ಟಾ ಮಾಡೀನಿ. ಅವ್ರಿಗೆ ಸುಳ್ಳ ಹೇಳೀನಿ."

ಮಾರುತಿ ಪಂಪು ಕೆಳಗಿಟ್ಟು ಎದ್ದು ಬಂದ. "ನೀರ ಕುಡದ ಮನಷ್ಯಾನ್ನ ದಂಡಿಗೆ ತಂದ ಮ್ಯಾಲ, ಯಾರ ತಪ್ಪು ಅಂತ ನಾವು ಕೇಳ್ಕೋತ ಕುಂಡ್ರಂಗಿಲ್ಲರಿ ಮಾಸ್ತರ," ಎಂದ. "ಮೊದಲ ನೀರ ತಗೀತೇವಿ. ಏಳ್ರಿ."

ಎದ್ದೆ. ಪೈಪು ಕಿತ್ತು, ಹಿಂಬದಿ ತಗ್ಗಾಗುವಂತೆ ನಾಲ್ಕು ಜನ ಸೇರಿ ಸ್ಕೂಟರನ್ನು ಎತ್ತಿ ಹಿಡಿದು ಕೊಳವೆಯ ನೀರು ಬಸಿದೆವು. ಪ್ಲಗ್ಗಿನ ರಂಧ್ರಗಳಿಂದ ಹನಿ ಬರುವುದು ನಿಲ್ಲುವವರೆಗೆ ಇಂಜಿನ್ ತಿರುಗಿಸಿ, ಒಳಗೆ ಎಣ್ಣೆ ಸುರಿದು, ಮತ್ತೆ ತಿರುಗಿಸಿ, ಗಂಗವ್ವನ ಒಲೆಯ ಮುಂದೆ ಒಣಗಿಸಿದ ಪ್ಲಗ್ಗುಗಳನ್ನು ಕೂರಿಸಿದೆ. ಮೂರನೆಯ ಸಲಕ್ಕೆ ಹೊತ್ತಿಕೊಂಡು ಅಂಗಳವೆಲ್ಲ ಬಿಳಿ ಹೊಗೆ ಕಾರಿತು. ಆಗ ಮಾರುತಿಗೆ ಕೈ ಮಾಡಿದೆ, ಅವನು ನಲ್ಲಿ ತಿರುಗಿಸಿದ. ಬಾಲದಿಂದ ನೀರು ಹೊರಚಿಮ್ಮತೊಡಗಿತು, ದನಿ ಮೆಲ್ಲಮೆಲ್ಲನೆ ಸಮವಾಯಿತು. ಹತ್ತು ನಿಮಿಷ ಹಾಗೆಯೇ ಓಡಲು ಬಿಟ್ಟೆವು.

ಅದು ಓಡುತ್ತಿರುವಾಗಲೇ ಮಲ್ಪೆಗೆ ಫೋನು ಮಾಡಿದೆ. ಮೊದಲು ನೀರೇ ಬಿಟ್ಟದ್ದು, ನಾನು ಹೇಳಿದ್ದು ಸುಳ್ಳು, ನಿಮ್ಮ ತಪ್ಪೇನೂ ಇಲ್ಲ ಎಂದು ಒಂದೇ ಉಸಿರಿನಲ್ಲಿ ಕೂಗಿ ಹೇಳಿದೆ.

"ಈಗ ನಡೀತಾ ಉಂಟಾ?" ಎಂದರು ಅವರು.

ನಾನು ಫೋನನ್ನು ಇಂಜಿನ್ನಿನ ಹತ್ತಿರ ಹಿಡಿದೆ. ಹತ್ತು ನಿಮಿಷವಾಗಿತ್ತು, ಇನ್ನು ನಿಲ್ಲಿಸಬಹುದಿತ್ತು. ಫೋನನ್ನು ಮತ್ತೆ ಕಿವಿಗಿಟ್ಟುಕೊಂಡಾಗ ಅವರು ಹೇಳುತ್ತಿದ್ದರು: "ಒಳ್ಳೆ ಉಂಟು. ನಿಲ್ಲಿಸುವಾಗ ಮೊದಲು ನೀರು ಬಂದ್ ಮಾಡಿ ಮಾರಾಯ್ರೆ. ಇಂಜಿನ್ ಆಮೇಲೆ."

ನನ್ನ ಹೆಬ್ಬೆರಳು ಆಗಲೇ ಇಂಜಿನ್ ನಿಲ್ಲಿಸುವ ಕೆಂಪು ಗುಂಡಿಯ ಮೇಲಿತ್ತು. ಬೆರಳು ಎತ್ತಿಕೊಂಡು, ನಲ್ಲಿಯ ಹತ್ತಿರ ಕಾಯುತ್ತಿದ್ದ ಮಾರುತಿಗೆ ನೀರು ನಿಲ್ಲಿಸೆಂದು ಕೈ ಮಾಡಿದೆ.