ಕತ್ತಲಲ್ಲಿ ಹತ್ತದ ದೀಪ

ಊರೂರಿನ ಶಾಲೆಗಳಿಗೆ ಹೋಗಿ ವಿಜ್ಞಾನದ ಪ್ರಯೋಗ ತೋರಿಸೋದು ನನ್ನ ಕೆಲಸ. ಪೂರಿಗಾಲಿಯಲ್ಲಿ, ನಿಯಾನ್ ಅನಿಲ ತುಂಬಿದ ಪುಟ್ಟ ದೀಪ ಚೆನ್ನಾಗಿ ಕಾಣಲಿ ಅಂತ ಬಾಗಿಲು ಮುಚ್ಚಿಸಿ, ಕಿಟಕಿಗೆಲ್ಲ ಗೋಣಿಚೀಲ ಕಟ್ಟಿಸಿದೆ. ಸ್ವಿಚ್ ಒತ್ತಿದರೆ ದೀಪ ಹತ್ತಲೇ ಇಲ್ಲ. ಮಕ್ಕಳು ಕಿಸಕ್ಕನೆ ನಕ್ಕರು, ನಾನು ಸ್ವಿಚ್ ಒತ್ತಿ ಹಿಡಿದೇ ಇದ್ದೆ.

ಅಷ್ಟರಲ್ಲಿ ಬಿಸಿಯೂಟದ ಜಯಮ್ಮ ಬಾಗಿಲು ದಬ್ಬಿದರು. "ಮಕ್ಳುನ್ನ ಕತ್ಲಲ್ಲಿ ಯಾಕ್ ಕೂಡಾಕಿದ್ದೀರಿ ಮೇಷ್ಟ್ರೆ? ಸಾರು ಆರೋಯ್ತದೆ!"

ಬಿಸಿಲು ಒಳಗೆ ಬಿದ್ದದ್ದೇ ತಡ, ದೀಪ ಕೆಂಪಗೆ ಹತ್ತಿತು. ಚಪ್ಪಾಳೆಯೆಲ್ಲ ಜಯಮ್ಮನಿಗೆ.

ಅನಿಲದಲ್ಲಿ ಕರೆಂಟು ಹರಿಯೋಕೆ ಮೊದಲು ಒಂದಾದರೂ ಎಲೆಕ್ಟ್ರಾನ್ ಹೊರಡಬೇಕು. ದೀಪದೊಳಗಿನ ಲೋಹದಿಂದ ಅದನ್ನು ಎಬ್ಬಿಸಿದ್ದು ಆ ಬೆಳಕು.

"ಮಾನ ಉಳಿಸಿದಿರಿ ತಾಯಿ" ಅಂತ ಕೈಮುಗಿದೆ.

"ಮೊದ್ಲು ಆ ಕೈ ತೊಳ್ಕಂಡು ಉಣ್ಣಕ್ ಬನ್ನಿ" ಅಂದರು.

ಈಗ ಪೆಟ್ಟಿಗೆಯಲ್ಲಿ ಟಾರ್ಚು ಇಟ್ಟುಕೊಂಡಿದ್ದೇನೆ. ದೀಪವೇನೋ ಹತ್ತುತ್ತದೆ. ಆದರೆ ಟಾರ್ಚು ಊಟಕ್ಕೆ ಕರೆಯುವುದಿಲ್ಲ.